ಕಾಡಿನ ದಾಸ್ತಾನು ಲೆಕ್ಕಕ್ಕೆ ಆಕಾಶದ ಅಳತೆಗೋಲು

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಮರ ಆಧಾರಿತ ಉದ್ಯಮಗಳಿಗೆ ವೈಮಾನಿಕ ಲೇಸರ್ ಸಮೀಕ್ಷೆ ಎಷ್ಟರಮಟ್ಟಿಗೆ ಉಪಯುಕ್ತ?

ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಪ್ರತಿಯೊಬ್ಬ ವ್ಯಾಪಾರಿಯೂ ತನ್ನ ಗೋದಾಮಿನ ದಾಸ್ತಾನು ಲೆಕ್ಕ ಹಾಕುತ್ತಾನೆ. ಹತ್ತು ಚೀಲಗಳಿದ್ದರೆ ಹತ್ತನ್ನೂ ತೂಗಬಹುದು. ಹತ್ತು ಸಾವಿರ ಚೀಲಗಳಿದ್ದರೆ ಅಲ್ಲೊಂದು ಇಲ್ಲೊಂದು ಬಿಚ್ಚಿ, ಮಾದರಿ ನೋಡಿ, ಉಳಿದುದನ್ನು ಅಂದಾಜಿಸುವುದು ಅನಿವಾರ್ಯ. ಆ ಅಂದಾಜು ನಿಜಕ್ಕೆ ಎಷ್ಟು ಹತ್ತಿರವಾಗಿದೆ ಎಂಬುದು ಎಷ್ಟು ಚೀಲ ಬಿಚ್ಚಲಾಯಿತು ಎಂಬುದರ ಮೇಲೆ ಮಾತ್ರವಲ್ಲ, ಯಾವ ಚೀಲ ಬಿಚ್ಚಲಾಯಿತು ಎಂಬುದರ ಮೇಲೂ ನಿಂತಿದೆ. ಬಾಗಿಲ ಬಳಿಯ ಒಣ ಚೀಲಗಳನ್ನಷ್ಟೇ ನೋಡಿ, ಹಿಂಬದಿಯ ಗೋಡೆಗೆ ತಾಗಿ ತೇವ ಹಿಡಿದ ಚೀಲಗಳನ್ನು ಬಿಟ್ಟವನ ಲೆಕ್ಕ ತಪ್ಪುವುದು ಖಚಿತ.

ಕಾಡಿನಲ್ಲಿ ಎಷ್ಟು ಮರವಿದೆ ಎಂಬ ಲೆಕ್ಕವೂ ಇಂಥದ್ದೇ ದಾಸ್ತಾನು ಲೆಕ್ಕ. ಯಾವ ಸರಕಾರವೂ ಪ್ರತಿಯೊಂದು ಮರಕ್ಕೆ ಟೇಪು ಹಿಡಿಯಲಾರದು. ಆಯ್ದ ಕೆಲವು ಜಾಗಗಳಲ್ಲಿ, ಅಂದರೆ ಮಾದರಿ ತಾಕುಗಳಲ್ಲಿ, ಮರಗಳ ಸುತ್ತಳತೆ ಮತ್ತು ಎತ್ತರಗಳನ್ನು ಅಳೆದು ಇಡೀ ಅರಣ್ಯದ ಸಂಪತ್ತನ್ನು ಅಂದಾಜಿಸಲಾಗುತ್ತದೆ. ಆ ತಾಕುಗಳನ್ನು ಎಲ್ಲಿ ಹಾಕಬೇಕು ಎಂಬುದನ್ನು ನಿರ್ಧರಿಸಲು, ವಿಮಾನದಿಂದ ಲೇಸರ್ ಕಿರಣ ಬಿಟ್ಟು ಪಡೆದ ಮಾಹಿತಿಯನ್ನು ಬಳಸುವ ವಿಧಾನವು ಕಳೆದ ಎರಡು ದಶಕಗಳಲ್ಲಿ ಹಲವು ದೇಶಗಳಲ್ಲಿ ರೂಢಿಗೆ ಬಂದಿದೆ. ವಿಷಯವು ಮೇಲ್ನೋಟಕ್ಕೆ ಅರಣ್ಯಾಧಿಕಾರಿಗಳಿಗೆ ಮಾತ್ರ ಸಂಬಂಧಿಸಿದ್ದೆಂದು ತೋರಬಹುದು. ವಾಸ್ತವದಲ್ಲಿ ಅದರ ಬಿಸಿ ಸಾಮಿಲ್ಲಿನ ಮಾಲೀಕನಿಗೂ ಕಟ್ಟಿಗೆ ಅಡ್ಡೆಯವನಿಗೂ ನೇರವಾಗಿಯೇ ತಟ್ಟುತ್ತದೆ.

ಪರವಾನಗಿಯ ಹಿಂದಿರುವ ಅಂಕಿ

ಈ ಮೂರು ತಾಲ್ಲೂಕುಗಳಲ್ಲಿ ಮರವನ್ನು ನಂಬಿದ ಕಸುಬುಗಳು ಒಂದೆರಡಲ್ಲ. ಹಗುರವಾದ ಮರವನ್ನು ಕೆತ್ತಿ, ಬಣ್ಣ ಬಳಿದು ಹಣ್ಣು, ತರಕಾರಿ, ಗೊಂಬೆಗಳನ್ನು ಮಾಡುವ ಗೋಕಾಕದ ಕಲೆ ನಾಡಿನಾಚೆಗೂ ಹೆಸರಾದುದು. ಬಾಗಿಲು ಕಿಟಕಿಗಳ ಚೌಕಟ್ಟು, ಮಂಚ ಮೇಜು, ಒಕ್ಕಲುತನದ ಸಾಮಾನು, ಪ್ಯಾಕಿಂಗ್ ಪೆಟ್ಟಿಗೆ ಇವುಗಳಿಗೆಲ್ಲ ನಿತ್ಯವೂ ಬೇಡಿಕೆಯಿದೆ. ಬೆಳಗಾವಿಯ ಫೌಂಡ್ರಿಗಳಿಗೆ ಮರದ ಪ್ಯಾಟರ್ನುಗಳು ಬೇಕು. ದೂರದ ದಾಂಡೇಲಿಯಲ್ಲಿ 1959ರಿಂದ ಉತ್ಪಾದನೆ ನಡೆಸುತ್ತಿರುವ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯು ರೈತರ ಹೊಲದಲ್ಲಿ ಬೆಳೆದ ಸುಬಾಬುಲ್, ನೀಲಗಿರಿಗಳಿಗೆ ದೊಡ್ಡ ಗಿರಾಕಿ.

ಈ ಕಸುಬುಗಳಲ್ಲಿ ಬಹುತೇಕವಕ್ಕೆ ಮರ ಒದಗುವುದು ಕೊಯ್ಯುವ ಯಂತ್ರದ ಮೂಲಕ. ಆ ಯಂತ್ರಕ್ಕೆ ಪರವಾನಗಿ ಬೇಕು. ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು ನೀಡಿದ ಆದೇಶದಿಂದ ಅರಣ್ಯದ ಕಡಿತಲೆಯು ಕೇಂದ್ರ ಸರಕಾರ ಒಪ್ಪಿದ ಕಾರ್ಯಯೋಜನೆಗೆ ಬದ್ಧವಾಯಿತು. 2002ರ ಅಕ್ಟೋಬರಿನ ಇನ್ನೊಂದು ಆದೇಶವು ಹೊಸ ಸಾಮಿಲ್, ವಿನೀರ್, ಪ್ಲೈವುಡ್ ಘಟಕಗಳಿಗೆ ಕೇಂದ್ರೀಯ ಅಧಿಕಾರಯುತ ಸಮಿತಿಯ ಪೂರ್ವಾನುಮತಿಯನ್ನು ಕಡ್ಡಾಯಗೊಳಿಸಿತು. ಆ ಬಿಗಿ ಸಡಿಲಿದ್ದು 2016ರ ನವೆಂಬರಿನಲ್ಲಿ, ಮರ ಆಧಾರಿತ ಕೈಗಾರಿಕೆಗಳ ಸ್ಥಾಪನೆ ಮತ್ತು ನಿಯಂತ್ರಣದ ಮಾರ್ಗಸೂಚಿಗಳು ಹೊರಬಿದ್ದಾಗ. ಅವುಗಳ ಪ್ರಕಾರ ನಿರ್ಣಯದ ಅಧಿಕಾರ ರಾಜ್ಯಮಟ್ಟದ ಸಮಿತಿಯದು. ಆದರೆ ಸಮಿತಿಯು ಮನಬಂದಂತೆ ನಿರ್ಣಯಿಸುವಂತಿಲ್ಲ. ಕಾಡಿನೊಳಗೂ ಕಾಡಿನ ಹೊರಗೂ ಲಭ್ಯವಿರುವ ಮರದ ಪ್ರಮಾಣವನ್ನು ಐದು ವರ್ಷಕ್ಕೊಮ್ಮೆ ಅಧ್ಯಯನ ಮಾಡಿಸಿ ತಿಳಿದುಕೊಳ್ಳಬೇಕು.

ಎಂದರೆ ಹೊಸ ಘಟಕಕ್ಕೆ ಅವಕಾಶವುಂಟೇ ಇಲ್ಲವೇ ಎಂಬ ಪ್ರಶ್ನೆ ಕೊನೆಗೆ ಒಂದು ಅಂಕಿಗೆ ಬಂದು ನಿಲ್ಲುತ್ತದೆ. ಅಂಕಿ ನಿಜಕ್ಕಿಂತ ಕಡಿಮೆಯಾದರೆ ಉದ್ಯಮಕ್ಕೆ ಬಾಗಿಲು ಮುಚ್ಚುತ್ತದೆ. ಹೆಚ್ಚಾದರೆ ಪರವಾನಗಿ ಸಿಗುತ್ತದೆ, ಯಂತ್ರ ಬರುತ್ತದೆ, ಕೆಲವೇ ವರ್ಷಗಳಲ್ಲಿ ದಿಮ್ಮಿ ಸಿಗದೆ ಯಂತ್ರ ನಿಲ್ಲುತ್ತದೆ. ಬ್ಯಾಂಕಿನ ಸಾಲ ಮಾಡಿದವನಿಗೆ ಎರಡನೆಯ ತಪ್ಪು ಮೊದಲನೆಯದಕ್ಕಿಂತ ಹೆಚ್ಚು ದುಬಾರಿ.

ಅಂಕಿ ಎಲ್ಲಿಂದ ಬರುತ್ತದೆ?

ದೇಶದ ಅರಣ್ಯ ಸಂಪತ್ತನ್ನು ಅಳೆಯುವ ಹೊಣೆ ಡೆಹ್ರಾಡೂನಿನಲ್ಲಿರುವ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯದು. ಮರ ಆಧಾರಿತ ಉದ್ಯಮಗಳಲ್ಲಿ ಬಂಡವಾಳ ಹೂಡುವ ಮುನ್ನ ಕಚ್ಚಾ ಸಾಮಗ್ರಿ ಎಷ್ಟಿದೆಯೆಂದು ತಿಳಿಯುವ ಉದ್ದೇಶದಿಂದ ವಿಶ್ವಸಂಸ್ಥೆಯ ನೆರವಿನೊಡನೆ 1965ರಲ್ಲಿ ಆರಂಭವಾದ ಬಂಡವಾಳಪೂರ್ವ ಸಮೀಕ್ಷೆಯೇ 1981ರ ಜೂನ್ 1ರಂದು ಈ ಸಂಸ್ಥೆಯಾಗಿ ರೂಪಾಂತರ ಹೊಂದಿತು. ಅರಣ್ಯ ಸಮೀಕ್ಷೆ ಹುಟ್ಟಿದ್ದೇ ಉದ್ಯಮದ ಅಗತ್ಯಕ್ಕಾಗಿ ಎಂಬುದನ್ನು ಇಂದು ಅರಣ್ಯ ಇಲಾಖೆಯೂ ಉದ್ಯಮಿಗಳೂ ಸಮನಾಗಿ ಮರೆತಂತಿದೆ.

ಸಂಸ್ಥೆಯ ವರದಿ ಎರಡು ವರ್ಷಕ್ಕೊಮ್ಮೆ ಪ್ರಕಟವಾಗುತ್ತದೆ. 2021ರ ವರದಿಯಲ್ಲಿ ಕರ್ನಾಟಕದ ಅರಣ್ಯಾವರಣ 38,730 ಚದರ ಕಿಲೋಮೀಟರ್, ಅಂದರೆ ರಾಜ್ಯದ ವಿಸ್ತೀರ್ಣದ ಶೇ. 20.19 ಎಂದಿತ್ತು. ಈ ಅಂಕಿಯನ್ನು ಓದುವಾಗ ಎಚ್ಚರ ಬೇಕು. ಒಂದು ಹೆಕ್ಟೇರ್ ಅಥವಾ ಅದಕ್ಕೂ ಹೆಚ್ಚಿನ ಜಾಗದಲ್ಲಿ ಮರಗಳ ನೆತ್ತಿಯ ನೆರಳು ಶೇ. 10ರಷ್ಟಿದ್ದರೆ ಅದು ಅರಣ್ಯಾವರಣ; ಮಾವಿನ ತೋಟವೂ ಅದರಲ್ಲಿ ಸೇರುತ್ತದೆ, ನೀಲಗಿರಿ ನೆಡುತೋಪೂ ಸೇರುತ್ತದೆ. ಆವರಣ ಬೇರೆ, ದಿಮ್ಮಿಯ ಘನಗಾತ್ರ ಬೇರೆ. ಮೊದಲನೆಯದನ್ನು ಉಪಗ್ರಹ ಚಿತ್ರದಿಂದ ತಿಳಿಯಬಹುದು. ಎರಡನೆಯದಕ್ಕೆ ನೆಲದ ಮೇಲೆ ಟೇಪು ಹಿಡಿದ ಮನುಷ್ಯರೇ ಬೇಕು.

ನೆಲದ ಅಳತೆಗಾಗಿ ಸಂಸ್ಥೆಯು 2016ರಿಂದ ಇಡೀ ದೇಶವನ್ನು 5 ಕಿಲೋಮೀಟರ್ ಉದ್ದಗಲದ ಚೌಕಗಳಾಗಿ ವಿಂಗಡಿಸಿ, ಐದು ವರ್ಷಗಳಲ್ಲಿ ಒಂದು ಸುತ್ತು ಮುಗಿಸುವ ಕ್ರಮವನ್ನು ಅನುಸರಿಸುತ್ತಿದೆ. ಗೋಕಾಕ, ಅದರಿಂದ ಬೇರ್ಪಟ್ಟ ಮೂಡಲಗಿ ಮತ್ತು ಹುಕ್ಕೇರಿ ಸೇರಿದರೆ ಸುಮಾರು ಎರಡೂವರೆ ಸಾವಿರ ಚದರ ಕಿಲೋಮೀಟರ್. ಒಂದು ಚೌಕಕ್ಕೆ 25 ಚದರ ಕಿಲೋಮೀಟರಿನಂತೆ ಮೂರೂ ತಾಲ್ಲೂಕುಗಳಿಗೆ ಬರುವುದು ಸುಮಾರು ನೂರು ಚೌಕ. ಅವುಗಳಲ್ಲಿ ಬಹುಪಾಲು ಕಬ್ಬು, ಗೋವಿನಜೋಳದ ಹೊಲಗಳ ಮೇಲೆ ಬೀಳುತ್ತವೆ. ಗೋಕಾಕದ ಗುಡ್ಡಗಳ ಕುರುಚಲು ಕಾಡಿನ ಮೇಲಾಗಲಿ, ಹುಕ್ಕೇರಿಯ ಪಶ್ಚಿಮದ ಏರುಗಳ ಮೇಲಾಗಲಿ ಬೀಳುವುವು ಕೆಲವೇ. ರಾಷ್ಟ್ರಮಟ್ಟದ ಲೆಕ್ಕಕ್ಕೆ ಇದು ಧಾರಾಳವಾಗಿ ಸಾಕು. ತಾಲ್ಲೂಕಿನ ಲೆಕ್ಕಕ್ಕೆ ಇದನ್ನು ಹೂಡಿದವರೇ ಇಲ್ಲ. ಪರವಾನಗಿ ಬೇಡುವವನಾದರೋ ಒಂದು ತಾಲ್ಲೂಕಿನ ಮರವನ್ನು ನಂಬಿದವನು.

ಲೇಸರ್ ಏನನ್ನು ಅಳೆಯುತ್ತದೆ

ವಿಮಾನ, ಹೆಲಿಕಾಪ್ಟರ್ ಅಥವಾ ಡ್ರೋನಿನ ಹೊಟ್ಟೆಯಲ್ಲಿ ಅಳವಡಿಸಿದ ಯಂತ್ರವು ಸೆಕೆಂಡಿಗೆ ಲಕ್ಷಾಂತರ ಬಾರಿ ಬೆಳಕಿನ ಮಿಡಿತಗಳನ್ನು ನೆಲದತ್ತ ಬಿಡುತ್ತದೆ. ಬೆಳಕು ಹೋಗಿ, ತಾಗಿ, ಮರಳಿ ಬರಲು ತೆಗೆದುಕೊಂಡ ಸಮಯದಿಂದ ದೂರವನ್ನು ಲೆಕ್ಕ ಹಾಕಲಾಗುತ್ತದೆ. ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದ ವ್ಯತ್ಯಾಸವೆಂದರೆ ದೂರದಲ್ಲಿ 15 ಸೆಂಟಿಮೀಟರಿನ ವ್ಯತ್ಯಾಸ. ಒಂದೇ ಮಿಡಿತದ ಒಂದಂಶ ಮರದ ನೆತ್ತಿಗೆ ತಾಗಿ ಮರಳುತ್ತದೆ, ಇನ್ನೊಂದಂಶ ನಡುವಿನ ರೆಂಬೆಗೆ, ಎಲೆಗಳ ಸಂದಿಯಲ್ಲಿ ನುಸುಳಿದ ಕೊನೆಯ ಅಂಶ ನೆಲಕ್ಕೆ. ನೆತ್ತಿಯ ಮಟ್ಟದಿಂದ ನೆಲದ ಮಟ್ಟವನ್ನು ಕಳೆದರೆ ಮರದ ಎತ್ತರ ದೊರೆಯುತ್ತದೆ. ಉಪಗ್ರಹದ ಛಾಯಾಚಿತ್ರ ಕಾಡನ್ನು ಮೇಲಿನಿಂದ ಹಾಸಿದ ಕಂಬಳಿಯಂತೆ ತೋರಿಸುತ್ತದೆ. ಲೇಸರ್ ಆ ಕಂಬಳಿಯ ದಪ್ಪವನ್ನು ಹೇಳುತ್ತದೆ.

ಅದು ಹೇಳದ ಸಂಗತಿಗಳೂ ಇವೆ. ಕಾಂಡದ ಸುತ್ತಳತೆ ಅದಕ್ಕೆ ತಿಳಿಯದು. ಮರ ತೇಗವೋ ಜಾಲಿಯೋ ತಿಳಿಯದು. ಕಾಂಡದೊಳಗೆ ಪೊಟರೆಯಿದೆಯೇ ಎಂಬುದಂತೂ ತಿಳಿಯುವ ಮಾತೇ ಇಲ್ಲ. ಆದುದರಿಂದ ಲೇಸರ್ ಬಂತೆಂದು ಟೇಪನ್ನು ಎಸೆಯುವಂತಿಲ್ಲ. ಕೆಲವು ತಾಕುಗಳಲ್ಲಿ ಕೈಯಾರೆ ಅಳೆದು, ಅಲ್ಲಿಯ ಲೇಸರ್ ಎತ್ತರಕ್ಕೂ ಮರದ ಘನಗಾತ್ರಕ್ಕೂ ಇರುವ ಸಂಬಂಧವನ್ನು ಕಂಡುಕೊಂಡು, ಅದನ್ನು ಅಳೆಯದ ಜಾಗಗಳಿಗೆ ಅನ್ವಯಿಸಬೇಕು. ನಾರ್ವೆಯ ಎರಿಕ್ ನೆಸೆಟ್ ಮೊದಲಾದವರು 1990ರ ದಶಕದಲ್ಲಿ ರೂಪಿಸಿದ ಈ ಕ್ರಮ 2002ರಿಂದ ಆ ದೇಶದ ಅರಣ್ಯ ಯೋಜನೆಗಳಲ್ಲಿ ವಾಣಿಜ್ಯ ಮಟ್ಟದಲ್ಲಿಯೇ ಬಳಕೆಯಲ್ಲಿದೆ. ಅಲ್ಲಿ ಖರ್ಚು ಕೊಡುವವರು ಮುಖ್ಯವಾಗಿ ಅರಣ್ಯದ ಮಾಲೀಕರು. ಅವರಿಗೆ ಮರವೂ ಲೆಕ್ಕಪತ್ರದ ಒಂದು ಬಾಬತ್ತು.

ಕರ್ನಾಟಕಕ್ಕೆ ಇದು ತೀರ ಹೊಸದಲ್ಲ. ಕೊಡಗಿನ ಪುಷ್ಪಗಿರಿಯ ತಪ್ಪಲಿನ ಉಪ್ಪಂಗಳ ಕಾಡಿನಲ್ಲಿ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯು 1990ರ ಸುಮಾರಿಗೆ ಶಾಶ್ವತ ಮಾದರಿ ತಾಕುಗಳನ್ನು ಸ್ಥಾಪಿಸಿ, ಮರಗಳಿಗೆ ಗುರುತು ಹಾಕಿ, ಮತ್ತೆಮತ್ತೆ ಅಳೆಯುತ್ತ ಬಂದಿದೆ. ಪಶ್ಚಿಮ ಘಟ್ಟದ ದಟ್ಟ ಕಾಡಿನ ಮರದ ರಾಶಿಯನ್ನು ವೈಮಾನಿಕ ಲೇಸರಿನಿಂದ ಅಂದಾಜಿಸಬಹುದೇ ಎಂಬ ಪ್ರಯತ್ನಗಳಿಗೆ ಇಂತಹ ತಾಕುಗಳೇ ಒರೆಗಲ್ಲು. ಅಲ್ಲಿಯ ತೊಡಕು ಎರಡು: ಎಲೆಯ ಪದರಗಳು ಎಷ್ಟು ಒತ್ತಾಗಿವೆಯೆಂದರೆ ಬೆಳಕು ನೆಲ ಮುಟ್ಟುವುದೇ ಕಷ್ಟ, ನೆಲವಾದರೂ ಕಡಿದಾದ ಇಳಿಜಾರು. ಗೋಕಾಕದ ಗುಡ್ಡಗಳಲ್ಲಿ ತೊಡಕು ತದ್ವಿರುದ್ಧ. ಬೆಳಕು ಸಲೀಸಾಗಿ ನೆಲ ಮುಟ್ಟುತ್ತದೆ. ಅಳೆಯಲು ಮರವೇ ಗಿಡ್ಡ.

ಟೇಪು ಎಲ್ಲಿ ಹಿಡಿಯಬೇಕು

ಮಾದರಿ ತೆಗೆಯುವ ಶಾಸ್ತ್ರ ಈ ಭಾಗದ ರೈತರಿಗೂ ವ್ಯಾಪಾರಿಗಳಿಗೂ ಅಪರಿಚಿತವೇನಲ್ಲ. ಬೆಳೆ ವಿಮೆಯ ಪರಿಹಾರ ನಿಗದಿಯಾಗುವುದು ಬೆಳೆ ಕಟಾವು ಪ್ರಯೋಗದಿಂದ. ಲಾಟರಿಯಂತೆ ಆಯ್ದ ಹೊಲದಲ್ಲಿ, ಬಹುತೇಕ ಬೆಳೆಗಳಿಗೆ 5 ಮೀಟರ್ ಉದ್ದಗಲದ ತಾಕು ಗುರುತಿಸಿ, ಅಷ್ಟನ್ನೇ ಕೊಯ್ದು ತೂಗುತ್ತಾರೆ. ಪಿ.ಸಿ. ಮಹಲನೋಬಿಸ್ ಅವರು 1930ರ ದಶಕದ ಕೊನೆಯಲ್ಲಿ ಬಂಗಾಳದ ಸೆಣಬಿನ ಬೆಳೆಗೆ ಮಾದರಿ ಸಮೀಕ್ಷೆ ನಡೆಸಿದಾಗಿನಿಂದ ಭಾರತ ಈ ವಿದ್ಯೆಯಲ್ಲಿ ಜಗತ್ತಿನ ಮುಂಚೂಣಿಯಲ್ಲಿತ್ತು. ತಾಕು ಎಲ್ಲಿ ಬೀಳಬೇಕೆಂಬುದನ್ನು ಅಳೆಯುವವನ ಇಚ್ಛೆಗೆ ಬಿಡಬಾರದೆಂಬುದು ಅದರ ಮೊದಲ ನಿಯಮ. ಕಾಡಿನಲ್ಲಿ ಈ ನಿಯಮ ಮುರಿಯುವ ಆಸೆ ಹೆಚ್ಚು. ಬಿಸಿಲಲ್ಲಿ ಗುಡ್ಡ ಹತ್ತುವುದಕ್ಕಿಂತ ರಸ್ತೆಯ ಬದಿಯ ತಾಕು ಹಿತ. ರಸ್ತೆಯ ಬದಿಯ ಮರವಾದರೋ ಬಹಳಷ್ಟು ಕಡೆ ಆಗಲೇ ಕೊಡಲಿ ಕಂಡದ್ದು.

ಎರಡನೆಯ ನಿಯಮ ಅಷ್ಟು ಪ್ರಸಿದ್ಧವಲ್ಲ. ಎಲ್ಲಿ ಏರಿಳಿತ ಹೆಚ್ಚೋ ಅಲ್ಲಿ ಹೆಚ್ಚು ಮಾದರಿ, ಎಲ್ಲಿ ಎಲ್ಲವೂ ಒಂದೇ ತೆರನೋ ಅಲ್ಲಿ ಕಡಿಮೆ ಮಾದರಿ ಸಾಕು. ಪೋಲೆಂಡಿನ ಸಂಖ್ಯಾಶಾಸ್ತ್ರಜ್ಞ ಜೆರ್ಜಿ ನೈಮನ್ 1934ರಲ್ಲಿ ಇದಕ್ಕೆ ಗಣಿತದ ರೂಪ ಕೊಟ್ಟರು. ಇದನ್ನು ಪಾಲಿಸಬೇಕಾದರೆ ಏರಿಳಿತ ಎಲ್ಲಿ ಹೆಚ್ಚೆಂದು ಅಳೆಯುವ ಮೊದಲೇ ತಿಳಿದಿರಬೇಕು. ಲೇಸರ್ ಉಪಯೋಗಕ್ಕೆ ಬರುವುದು ಇಲ್ಲಿಯೇ.

ಒಂದು ಲೆಕ್ಕವನ್ನು ಉದಾಹರಣೆಗಾಗಿ ನೋಡಬಹುದು. ಇದರ ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು, ಯಾವ ಕಾಡಿನವೂ ಅಲ್ಲ. ಹತ್ತು ಸಾವಿರ ಹೆಕ್ಟೇರಿನ ಒಂದು ಅರಣ್ಯವಿದೆ. ಲೇಸರ್ ಎತ್ತರದ ಪ್ರಕಾರ ಅದನ್ನು ಮೂರು ಸ್ತರಗಳಾಗಿ ವಿಂಗಡಿಸಲಾಗಿದೆ: ಆರು ಸಾವಿರ ಹೆಕ್ಟೇರ್ ಕುರುಚಲು, ಮೂರು ಸಾವಿರ ಹೆಕ್ಟೇರ್ ಮಧ್ಯಮ, ಒಂದು ಸಾವಿರ ಹೆಕ್ಟೇರ್ ದಟ್ಟ. ಹೆಕ್ಟೇರಿಗೆ ಸರಾಸರಿ ಮರ ಕ್ರಮವಾಗಿ 5, 40, 90 ಘನಮೀಟರ್. ತಾಕಿನಿಂದ ತಾಕಿಗೆ ಕಾಣುವ ಏರಿಳಿತ, ಅಂದರೆ ಪ್ರಮಾಣಿತ ವಿಚಲನೆ, 5, 20, 40. ಇಡೀ ಅರಣ್ಯದ ಸರಾಸರಿ ಹೆಕ್ಟೇರಿಗೆ 24 ಘನಮೀಟರ್. ಒಟ್ಟು 130 ತಾಕುಗಳನ್ನು ಅಳೆಯಲು ಹಣವಿದೆ ಎನ್ನೋಣ. ವಿಸ್ತೀರ್ಣಕ್ಕೆ ತಕ್ಕಂತೆ ಹಂಚಿದರೆ ಕುರುಚಲಿಗೆ 78, ಮಧ್ಯಮಕ್ಕೆ 39, ದಟ್ಟ ಕಾಡಿಗೆ 13 ತಾಕು ಬರುತ್ತವೆ. ಮರವೇ ಇಲ್ಲದ ಕಡೆ ಅರ್ಧಕ್ಕಿಂತ ಹೆಚ್ಚು ಶ್ರಮ! ನೈಮನ್ ಸೂತ್ರದಂತೆ ಹಂಚಿದರೆ 30, 60, 40.

ಈ ಹಂಚಿಕೆಯಿಂದ ಬರುವ ಅಂದಾಜು, ನೂರರಲ್ಲಿ 95 ಸಂದರ್ಭಗಳಲ್ಲಿ, ನಿಜದಿಂದ ಶೇ. 10ರ ಒಳಗೇ ಇರುತ್ತದೆ. ಯಾವ ವಿಂಗಡಣೆಯೂ ಇಲ್ಲದೆ ಅದೇ 130 ತಾಕುಗಳನ್ನು ಕಣ್ಣುಮುಚ್ಚಿ ಎಸೆದರೆ ಅಂತರ ಶೇ. 23ಕ್ಕೆ ಏರುತ್ತದೆ. ಅದೇ ನಿಖರತೆ ಬೇಕಾದರೆ ಸುಮಾರು 790 ತಾಕು ಅಳೆಯಬೇಕು. ವಿಂಗಡಿಸಿ, ವಿಸ್ತೀರ್ಣಕ್ಕೆ ತಕ್ಕಂತಷ್ಟೇ ಹಂಚಿದರೂ ಸುಮಾರು 227 ಸಾಕು. ಹೆಚ್ಚಿನ ಲಾಭ ಬರುವುದು ವಿಂಗಡಣೆಯಿಂದ, ಉಳಿದುದು ಜಾಣ ಹಂಚಿಕೆಯಿಂದ ಎಂಬುದು ಇದರಿಂದ ಸ್ಪಷ್ಟ. ನಿಜವಾದ ಕಾಡಿನಲ್ಲಿ ಸ್ತರಗಳು ಇಷ್ಟು ಶುದ್ಧವಾಗಿ ಬೇರ್ಪಡುವುದಿಲ್ಲ, ಆದುದರಿಂದ ಲಾಭವೂ ಇಷ್ಟಿರದು. ದಿಕ್ಕು ಮಾತ್ರ ಇದೇ.

ಕ್ಷೇತ್ರದಲ್ಲಿ ಈ ಲೆಕ್ಕವನ್ನು ಕೆಡಿಸುವ ಒಂದು ಸಣ್ಣ ಸಂಗತಿಯೂ ಇದೆ. ಸಾಂಪ್ರದಾಯಿಕ ತಾಕಿನ ವಿಸ್ತೀರ್ಣ ಹತ್ತರಲ್ಲೊಂದು ಹೆಕ್ಟೇರ್, ಅಂದರೆ ಸುಮಾರು ಹತ್ತು ಗುಂಟೆ. ಅದರ ಒಂದು ಬದಿ 31.62 ಮೀಟರ್. ಕೈಯಲ್ಲಿ ಹಿಡಿಯುವ ಸಾಮಾನ್ಯ ಜಿಪಿಎಸ್ ಮರಗಳ ಕೆಳಗೆ 8 ಮೀಟರ್ ತಪ್ಪು ತೋರಿಸುವುದು ಅಪರೂಪವಲ್ಲ. ತಾಕು ಒಂದು ಬದಿಗೆ 8 ಮೀಟರ್ ಸರಿದರೆ ಅದರ ಕಾಲು ಭಾಗ ಬೇರೆಯೇ ಜಾಗವಾಗುತ್ತದೆ. ಆಗ ಲೇಸರ್ ಒಂದು ಮರವನ್ನು ನೋಡಿರುತ್ತದೆ, ಟೇಪು ಇನ್ನೊಂದನ್ನು. ಭಾರತೀಯ ಸರ್ವೇಕ್ಷಣಾ ಇಲಾಖೆಯು ಸ್ಥಾಪಿಸಿದ ಸ್ಥಿರ ಉಲ್ಲೇಖ ಕೇಂದ್ರಗಳ ಜಾಲದ ನೆರವಿನಿಂದ ಈ ತಪ್ಪನ್ನು ಬಹುಮಟ್ಟಿಗೆ ತಗ್ಗಿಸಬಹುದು. ಕರ್ನಾಟಕ ಆ ಜಾಲದೊಳಗಿದೆ. ಹಾಗೆ ಮಾಡದ ಸಮೀಕ್ಷೆಗೆ ಎಷ್ಟು ಹಣ ಸುರಿದರೂ ವ್ಯರ್ಥ.

ಖರ್ಚು ಗಿಟ್ಟುತ್ತದೆಯೇ?

ವ್ಯಾಪಾರಿಯ ಮೊದಲ ಪ್ರಶ್ನೆ ಇದೇ. ಉತ್ತರಕ್ಕೆ ಒಂದು ಸಾರ್ವಜನಿಕ ಅಂಕಿ ಲಭ್ಯವಿದೆ. ಅರಣ್ಯಗಳಲ್ಲಿ ನೀರು ಮತ್ತು ಮೇವು ಹೆಚ್ಚಿಸುವ ಯೋಜನೆಗಾಗಿ ಕೇಂದ್ರ ಪರಿಸರ ಸಚಿವಾಲಯವು 2020ರ ಜುಲೈನಲ್ಲಿ ಸಾರ್ವಜನಿಕ ವಲಯದ ವ್ಯಾಪ್ಕೋಸ್ ಸಂಸ್ಥೆಗೆ 26 ರಾಜ್ಯಗಳ 2,61,897 ಹೆಕ್ಟೇರಿನ ಲೇಸರ್ ಸಮೀಕ್ಷೆಯನ್ನು 18.38 ಕೋಟಿ ರೂಪಾಯಿಗಳಿಗೆ ವಹಿಸಿತು. ಪ್ರತಿ ರಾಜ್ಯದಲ್ಲಿ ಸರಾಸರಿ ಹತ್ತು ಸಾವಿರ ಹೆಕ್ಟೇರಿನ ಒಂದು ಪ್ರದೇಶ. 2021ರ ಜೂನ್ ತಿಂಗಳಲ್ಲಿ ಮೊದಲ ಹತ್ತು ರಾಜ್ಯಗಳ ವರದಿಗಳು ಬಿಡುಗಡೆಯಾದವು. ನೆರೆಯ ಮಹಾರಾಷ್ಟ್ರ, ಗೋವಾಗಳು ಅದರಲ್ಲಿದ್ದವು, ಕರ್ನಾಟಕ ಇರಲಿಲ್ಲ. ಯೋಜನಾ ವರದಿಯ ತಯಾರಿಯೂ ಸೇರಿ ಹೆಕ್ಟೇರಿಗೆ ಬಿದ್ದ ಖರ್ಚು ಸುಮಾರು 700 ರೂಪಾಯಿ.

ಮೇಲಿನ ಉದಾಹರಣೆಯ ಹತ್ತು ಸಾವಿರ ಹೆಕ್ಟೇರಿಗೆ ಇದೇ ದರವಾದರೆ 70 ಲಕ್ಷ ರೂಪಾಯಿ. ಅದರಿಂದ ಉಳಿಯುವುದು ಸುಮಾರು 660 ತಾಕುಗಳ ಶ್ರಮ. ಭಾಗಿಸಿ ನೋಡಿದರೆ, ಒಂದು ತಾಕಿನ ಅಳತೆಗೆ ಹತ್ತು ಸಾವಿರದ ಆರುನೂರು ರೂಪಾಯಿಗಿಂತ ಹೆಚ್ಚು ಖರ್ಚು ಬರುವ ಕಡೆ ಮಾತ್ರ ಲೇಸರ್ ಗಿಟ್ಟುತ್ತದೆ. ಆನೆ, ಜಿಗಣೆ, ಇಳಿಜಾರುಗಳ ನಡುವೆ ದಿನಕ್ಕೊಂದು ತಾಕು ಮುಗಿಸುವುದೂ ಕಷ್ಟವಾದ ಘಟ್ಟದ ಕಾಡಿನಲ್ಲಿ ಅದು ಸಾಧ್ಯವಿರಬಹುದು. ಗೋಕಾಕದ ಕುರುಚಲಿನಲ್ಲಿ, ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟ ನಾಲ್ಕು ಜನರ ತಂಡ ಸಂಜೆಯೊಳಗೆ ಒಂದಕ್ಕಿಂತ ಹೆಚ್ಚು ತಾಕು ಮುಗಿಸಬಲ್ಲುದು. ಅಲ್ಲದೆ ಕುರುಚಲನ್ನು ದಟ್ಟ ಕಾಡಿನಿಂದ ಬೇರ್ಪಡಿಸುವಷ್ಟು ಕೆಲಸವನ್ನು ಉಪಗ್ರಹ ಚಿತ್ರವೂ ಮಾಡುತ್ತದೆ. ಬರೇ ತಾಕುಗಳ ಯೋಜನೆಗಾಗಿ, ಬರೇ ಮೀಸಲು ಅರಣ್ಯದ ಮೇಲೆ, ಈ ಮೂರು ತಾಲ್ಲೂಕುಗಳಲ್ಲಿ ವಿಮಾನ ಹಾರಿಸುವುದು ಲಾಭದ ಬಾಬತ್ತಲ್ಲ ಎಂದು ಒಪ್ಪಿಕೊಳ್ಳಬೇಕಾಗುತ್ತದೆ.

ಉಚಿತವಾಗಿ ಸಿಗುವ ಲೇಸರ್ ಮಾಹಿತಿಯೂ ಇದೆ. ನಾಸಾ ಸಂಸ್ಥೆ 2018ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳುಹಿಸಿದ ಗೆಡಿ ಎಂಬ ಉಪಕರಣವು ಕಾಡುಗಳ ಎತ್ತರವನ್ನು 25 ಮೀಟರ್ ವ್ಯಾಸದ ಬಿಂದುಗಳಲ್ಲಿ ಅಳೆದಿದೆ. ಆದರೆ ಬಿಂದುಗಳ ನಡುವೆ ದೊಡ್ಡ ಖಾಲಿ ಜಾಗ. ಮೇಲಾಗಿ ಗಿಡ್ಡ ಕುರುಚಲಿನಲ್ಲಿ ಎಲೆಯಿಂದ ಮರಳಿದ ಬೆಳಕೂ ನೆಲದಿಂದ ಮರಳಿದ ಬೆಳಕೂ ಒಂದರೊಳಗೊಂದು ಬೆರೆತುಹೋಗುತ್ತವೆ. ಎತ್ತರದ ಕಾಡಿಗೆ ಉತ್ತಮ, ಇಲ್ಲಿಗೆ ಅಷ್ಟಕ್ಕಷ್ಟೆ.

ನದಿಯ ಲೆಕ್ಕವೂ ಸೇರಿದರೆ

ಲೆಕ್ಕ ಬದಲಾಗುವುದು ಖರ್ಚನ್ನು ಹಂಚಿಕೊಂಡಾಗ. ಮರದ ಎತ್ತರ ತಿಳಿಯಲು ಲೇಸರ್ ಮೊದಲು ನೆಲದ ಮಟ್ಟವನ್ನು ಅಳೆಯಲೇಬೇಕು. ಆ ನೆಲದ ನಕ್ಷೆ ಬೇರೆ ಹಲವರಿಗೆ ಬೇಕಾದದ್ದು. 2019ರ ಆಗಸ್ಟಿನಲ್ಲಿ ಘಟಪ್ರಭಾ ಮತ್ತು ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕ ಪಟ್ಟಣದೊಳಗೆ ನುಗ್ಗಿದ್ದನ್ನು ಅಲ್ಲಿಯ ವರ್ತಕರಿಗೆ ನೆನಪಿಸಬೇಕಾಗಿಲ್ಲ. ಹಿಡಕಲ್ ಜಲಾಶಯದಿಂದ ಇಷ್ಟು ನೀರು ಬಿಟ್ಟರೆ ಯಾವ ಓಣಿಯಲ್ಲಿ ಎಷ್ಟು ಅಡಿ ನಿಲ್ಲುತ್ತದೆ, ಯಾವ ಗೋದಾಮಿನ ಮಾಲನ್ನು ಮೊದಲು ಸಾಗಿಸಬೇಕು ಎಂಬುದನ್ನು ಹೇಳಲು ಗೇಣು ಮಟ್ಟದ ನೆಲದ ನಕ್ಷೆ ಬೇಕು. ಮರದ ಅಳತೆಗಾಗಿ ಹಾರುವ ಅದೇ ವಿಮಾನ ಅದೇ ಹಾರಾಟದಲ್ಲಿ ಆ ನಕ್ಷೆಯನ್ನೂ ತರುತ್ತದೆ. ಕಾಲುವೆಗಳ ಇಳಿಜಾರು, ಕೆರೆಗಳ ಹೂಳು, ರಸ್ತೆಗಳ ಏರು ಇವೆಲ್ಲವೂ ಅದರಿಂದಲೇ ದೊರೆಯುತ್ತವೆ. ನೀರಾವರಿ, ಕಂದಾಯ, ಪುರಸಭೆ, ಅರಣ್ಯ ಎಂದು ನಾಲ್ಕು ಕಡೆಯಿಂದ ಖರ್ಚು ಸಮನಾಗಿ ಕೂಡಿದರೆ ಅರಣ್ಯದ ಪಾಲು ಹೆಕ್ಟೇರಿಗೆ 175 ರೂಪಾಯಿಗೆ ಇಳಿಯುತ್ತದೆ, ಮೇಲಿನ ಹತ್ತು ಸಾವಿರದ ಆರುನೂರರ ಗಡಿ 2,650ಕ್ಕೆ. ಇಂಥದ್ದೊಂದು ಕೂಡು ಬೇಡಿಕೆಯನ್ನು ಜಿಲ್ಲಾಡಳಿತದ ಮುಂದಿಡಲು ವಾಣಿಜ್ಯ ಸಂಸ್ಥೆಗಿಂತ ಯೋಗ್ಯವಾದ ವೇದಿಕೆ ಇನ್ನೊಂದಿರದು. ಅರಣ್ಯ ಇಲಾಖೆ ನೀರಾವರಿ ಇಲಾಖೆಯ ಪರವಾಗಿ ಅರ್ಜಿ ಬರೆಯುವುದಿಲ್ಲ.

ಯಾವ ತಿಂಗಳಲ್ಲಿ ಹಾರಬೇಕೆಂಬುದೂ ಸಣ್ಣ ಮಾತಲ್ಲ. ಮೂಡಲಗಿಯ ಬಯಲಿನಲ್ಲಿ ಎದೆಗಿಂತ ಎತ್ತರಕ್ಕೆ ನಿಂತ ಕಬ್ಬನ್ನು ಲೇಸರ್ ಕುರುಚಲು ಕಾಡೆಂದೇ ಎಣಿಸೀತು. ಕಾರ್ಖಾನೆಗಳ ಹಂಗಾಮು ಮುಗಿಯುವ ಮಾರ್ಚಿನ ಹೊತ್ತಿಗೆ ಹೊಲ ಖಾಲಿ. ನದಿಯ ನೀರೂ ಆಗ ತಳ ಕಂಡಿರುತ್ತದೆ. ಸಾಮಾನ್ಯ ಲೇಸರ್ ನೀರನ್ನು ಭೇದಿಸದ ಕಾರಣ ನದಿಪಾತ್ರದ ಆಕಾರ ತಿಳಿಯಲು ಬೇಸಿಗೆಯೇ ಬೇಕು. ಆದರೆ ಯುಗಾದಿಯ ಸಮಯಕ್ಕೆ ಬೇವು ಚಿಗುರಿ ಹೂ ಬಿಟ್ಟಿದ್ದರೆ ತೇಗ ಇನ್ನೂ ಬೋಳಾಗಿರುತ್ತದೆ. ಬೋಳು ರೆಂಬೆಗಳ ನಡುವೆ ಬೆಳಕು ತೂರಿಹೋಗಿ ತೇಗದ ತೋಪು ನಿಜಕ್ಕಿಂತ ತೆಳುವಾಗಿ ಕಾಣುತ್ತದೆ. ಎಲೆಯ ದೃಷ್ಟಿಯಿಂದ ಮಳೆಗಾಲ ಕಳೆದ ಅಕ್ಟೋಬರ್ ನವೆಂಬರ್ ಉತ್ತಮ. ಖರ್ಚು ಹಂಚಿಕೊಳ್ಳಬೇಕಾದರೆ ಮಾರ್ಚನ್ನೇ ಒಪ್ಪಿ, ತೇಗದ ತೋಪುಗಳನ್ನು ಪ್ರತ್ಯೇಕ ಸ್ತರವಾಗಿ ಇಟ್ಟು ಅಲ್ಲಿ ಬೇರೆಯೇ ತಾಕುಗಳನ್ನು ಅಳೆಯುವುದು ವಿವೇಕದ ಮಾರ್ಗ.

ಬದುವಿನ ಮರ

ಈ ಭಾಗದ ಮಟ್ಟಿಗೆ ಇನ್ನೊಂದು ಮಾತು ಮುಖ್ಯ. ಅಡ್ಡೆಗೆ ಬಂದು ಬೀಳುವ ದಿಮ್ಮಿಗಳಲ್ಲಿ ಮೀಸಲು ಅರಣ್ಯದ್ದು ಎಷ್ಟು, ರೈತರ ಬದುವಿನದು ಎಷ್ಟು ಎಂದು ಯಾವ ಸಾಮಿಲ್ಲಿನವನನ್ನು ಕೇಳಿದರೂ ಉತ್ತರ ಒಂದೇ. ಬದುವಿನ ಬೇವು, ಜಾಲಿ, ಹಳೆಯ ಮಾವು, ಕಾಲುವೆಯಂಚಿನ ಸಾಲು, ಈಚಿನ ಹೆಬ್ಬೇವು ಇವೇ ಇಲ್ಲಿಯ ನಿಜವಾದ ಕಾಡು. ಅರಣ್ಯ ಸರ್ವೇಕ್ಷಣ ಸಂಸ್ಥೆಯ 2023ರ ವರದಿಯ ಪ್ರಕಾರ ಇಡೀ ದೇಶದಲ್ಲಿ ಅರಣ್ಯದ ಹೊರಗಿನ ಮರಗಳಿಂದ ವರ್ಷಕ್ಕೆ ದೊರೆಯಬಹುದಾದ ಕೈಗಾರಿಕಾ ಮರದ ಪ್ರಮಾಣ 9.15 ಕೋಟಿ ಘನಮೀಟರ್. ಕರ್ನಾಟಕದಲ್ಲಿ 2011-12ರಿಂದ ಜಾರಿಯಲ್ಲಿರುವ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯು ಬದುಕುಳಿದ ಸಸಿಗೆ ರೈತನಿಗೆ ಹಣ ಕೊಡುತ್ತ ಬಂದಿದೆ. ಆ ಸಸಿಗಳಲ್ಲಿ ಮೊದಮೊದಲು ನೆಟ್ಟವು ಈಗ ಕೊಯ್ಲಿನ ವಯಸ್ಸಿಗೆ ಬಂದಿವೆ. 2025ರ ಜೂನ್‌ನಲ್ಲಿ ಕೇಂದ್ರ ಸಚಿವಾಲಯವು ಕೃಷಿ ಭೂಮಿಯ ಮರಗಳ ಕಡಿತಲೆಗೆ ಮಾದರಿ ನಿಯಮಗಳನ್ನು ಹೊರಡಿಸಿ, ನೆಡುತೋಪಿನ ನೋಂದಣಿಯನ್ನು ಸ್ಥಳದ ಗುರುತಿನೊಡನೆ ಮಾಡಬೇಕೆಂದು ಸೂಚಿಸಿದೆ.

ಲೇಸರಿಗೆ ಬದುವಿನ ಮರ ಕಾಡಿನ ಮರಕ್ಕಿಂತ ಸುಲಭ. ಒಂಟಿಯಾಗಿ ನಿಂತ ಮರದ ನೆತ್ತಿ ಪಕ್ಕದ ಮರದೊಡನೆ ಬೆರೆಯುವುದಿಲ್ಲ. ಒಂದೊಂದನ್ನೂ ಬೇರೆಯಾಗಿ ಎಣಿಸಬಹುದು, ಎತ್ತರ ಮತ್ತು ನೆತ್ತಿಯ ಅಗಲ ಅಳೆಯಬಹುದು. ಯಾವ ಹಳ್ಳಿಗಳಲ್ಲಿ ಮರ ದಟ್ಟವಾಗಿದೆ ಎಂದು ಮೊದಲೇ ತಿಳಿದರೆ ಅಂಥ ಹಳ್ಳಿಗಳಲ್ಲಿ ಹೆಚ್ಚು, ಬರೇ ಕಬ್ಬಿನ ಹಳ್ಳಿಗಳಲ್ಲಿ ಕಡಿಮೆ ಮಾದರಿ ತೆಗೆದು ತಾಲ್ಲೂಕು ಮಟ್ಟದ ಅಂಕಿಯನ್ನು ಕಟ್ಟಬಹುದು. ಉಳಿಯುವ ಕೊರತೆ ಜಾತಿ ಮತ್ತು ಸುತ್ತಳತೆಯದು.

ಆ ಕೊರತೆಯನ್ನು ತುಂಬುವ ಮಾಹಿತಿ ಅಡ್ಡೆಯ ಗಲ್ಲಾಪೆಟ್ಟಿಗೆಯ ಪಕ್ಕದ ಖರೀದಿ ಪುಸ್ತಕದಲ್ಲಿಯೇ ಇದೆ. ಯಾವ ಊರಿನಿಂದ, ಯಾವ ಮರ, ಎಷ್ಟು ಸುತ್ತಳತೆ, ಎಷ್ಟು ಉದ್ದ ಎಂಬುದನ್ನು ಹೊತ್ತಹೊತ್ತಿಗೆ ಬರೆದಿಟ್ಟ ಘಟಕಗಳ ದಾಖಲೆ ಐದು ವರ್ಷಕ್ಕೊಮ್ಮೆ ಬರುವ ಅಧ್ಯಯನ ತಂಡಕ್ಕೆ ಅಮೂಲ್ಯ. ಊರಿನ ಹೆಸರಿಲ್ಲದ ಪುಸ್ತಕ ಅಷ್ಟು ಉಪಯೋಗಕ್ಕೆ ಬಾರದು. ಒಪ್ಪಿಸುವಾಗ ಒಂದು ಎಚ್ಚರಿಕೆ ಅಗತ್ಯ. ಕಟ್ಟಿಗೆ ವ್ಯಾಪಾರದಲ್ಲಿ ರೂಢಿಯಿರುವ ಕಾಲು ಸುತ್ತಳತೆಯ ಲೆಕ್ಕ, ಅಂದರೆ ಸುತ್ತಳತೆಯ ನಾಲ್ಕರಲ್ಲೊಂದು ಭಾಗವನ್ನು ಅದರಿಂದಲೇ ಗುಣಿಸಿ ಉದ್ದದಿಂದ ಗುಣಿಸುವ ಕ್ರಮ, ದುಂಡು ದಿಮ್ಮಿಯ ನಿಜವಾದ ಗಾತ್ರದ ಶೇ. 78.5ನ್ನು ಮಾತ್ರ ಕೊಡುತ್ತದೆ. ಸಮೀಕ್ಷೆಯ ಘನಮೀಟರ್ ನೈಜ ಗಾತ್ರದ್ದು. ಆ ಒಂದು ಘನಮೀಟರ್ ನೈಜ ಲೆಕ್ಕದಲ್ಲಿ 35.3 ಘನ ಅಡಿ. ಅಡ್ಡೆಯ ಪುಸ್ತಕದಲ್ಲಿ ಅದೇ ದಿಮ್ಮಿ 27.7 ಘನ ಅಡಿ ಎಂದು ನಮೂದಾಗಿರುತ್ತದೆ.